ಮಸೂತಿಯ ಎಡಗಂಬ ನಿಲ್ಲಿಸಿದ ಬೇಸಿಗೆ

ಅಸಂಗಿ ದಾರಿಯ ಹಳೇ ಮಸೂತಿಯನ್ನು ನಾನು ಅಲ್ಲಿಯವರೆಗೆ ಹೊರಗಿನಿಂದಷ್ಟೇ ಕಂಡಿದ್ದೆ. ಬಿಳೂರಿನಿಂದ ಕೆಲಸಕ್ಕೆಂದು ಆ ಕಡೆ ಹೋದಾಗೆಲ್ಲ ಅದರ ಮುಂದಿನ ಕಲ್ಲುದೋಣಿಯಲ್ಲಿ ನೀರು ಕುಡಿದು, ಮುಖ ತೊಳೆದುಕೊಂಡು ಮುಂದೆ ನಡೆಯುತ್ತಿದ್ದೆ. ಗುಡಿ ಕಟ್ಟುವ, ಮಠದ ಗೋಡೆ ಎತ್ತುವ ಗೌಂಡಿ ನಾನು. ಮಸೂತಿಯ ಒಳಗೆ ನನಗೇನು ಕೆಲಸ ಬೀಳಬೇಕು?

ಜತ್ತದ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಎರಡು ಮೂರು ವರ್ಷವಾಗಿತ್ತು. ಸಂಕ್ರಮಣ ಮುಗಿದ ಮೇಲೆ ಒಂದು ಮುಂಜಾನೆ ಆ ಮಸೂತಿಯ ಮುತವಲ್ಲಿ ನಮ್ಮ ಮನೆಗೆ ಬಂದರು. ಮುತವಲ್ಲಿ ಅಂದರೆ ಮಸೂತಿಯನ್ನೂ ಅದರ ಹೆಸರಿಗೆ ಬಿಟ್ಟ ಆಸ್ತಿಯನ್ನೂ ನೋಡಿಕೊಳ್ಳುವವರು. ಮಕ್ಕಾಕ್ಕೆ ಹೋಗಿ ಬಂದಿದ್ದರಿಂದ ಸುತ್ತಲಿನವರೆಲ್ಲ ಅವರನ್ನು ಹಾಜಿಸಾಬರೆಂದೇ ಕರೆಯುತ್ತಿದ್ದರು. ಕಸುಬಿನಿಂದ ಬಡಿಗರು. ಎತ್ತರದ ಆಳು, ಮಾತು ಬಹಳ, ಹಟ ಅದಕ್ಕಿಂತ ಬಹಳ.

"ಗೌಂಡಿ, ನಮ್ಮ ಮಸೂತಿ ನಡುವಿನ ಕಮಾನು ಬಾಯಿ ಬಿಟ್ಟೈತಿ. ಸರಕಾರದ ಓವರಸಿಯರ್ ಸಾಹೇಬರು ಬಂದು ನೋಡಿ ಹೋಗ್ಯಾರ. ಮುಂಗಾರಿ ಮಿರ್ಗದ ಮಳಿ ಬರೂದ್ರಾಗ ರಿಪೇರಿ ಆಗಬೇಕು, ಇಲ್ಲಾಂದ್ರ ಮುಂದಿನ ಮಾರಿ, ಮೂರೂ ಕಮಾನು, ಪೂರಾ ಕೆಡವಬೇಕು ಅಂದಾರ. ದಾರಿ ಮ್ಯಾಲೇ ಐತಲ್ಲ, ಯಾರ ತಲಿ ಮ್ಯಾಲಾದ್ರೂ ಬಿದ್ರ ಏನ ಗತಿ?"

"ನಿಮ್ಮವರೊಳಗ ಗೌಂಡಿಗೋಳು ಇಲ್ಲೇನ್ರಿ?" ಎಂದು ಕೇಳಿದೆ.

"ಅದಾರ. ಎಲ್ಲಾರೂ ಇಟ್ಟಂಗಿ ಕೆಲಸದವರು. ಕಲ್ಲಿನ ಕಮಾನು ತಿಳಿದಾವ ನೀ ಅಂತ ಕೇಳಿ ಬಂದೀನಿ."

ಹೊಗಳಿಕೆ ಎಂದು ಗೊತ್ತಿದ್ದರೂ ಹಿತವಾಯಿತು. ಮರುದಿನವೇ ಹೋದೆ.

ಕಟ್ಟಡ ದೊಡ್ಡದೇನಲ್ಲ. ಕರಿಕಲ್ಲಿನ ಮೂರು ಕಮಾನು, ಅವುಗಳ ನಡುವೆ ಎರಡು ದಪ್ಪ ಕಂಬ, ನಡುವಿನ ಅಂಕಣದ ಮೇಲೆ ಒಂದು ಗುಮ್ಮಟ. ಕಮಾನಿನ ಮುಂದೆ ಕಟ್ಟೆ, ಕಟ್ಟೆಯ ಕೆಳಗೇ ಆ ಕಲ್ಲುದೋಣಿ, ದೋಣಿಗೆ ಹತ್ತಿ ದಾರಿ. ಹಿಂದಿನ ದಿಬ್ಬದ ಮೇಲೆ ಒಂದು ಸೆಲೆಬಾವಿ, ಅದರ ಸುತ್ತ ಒಂದು ಸಣ್ಣ ತೋಟ. ಬಾವಿಯ ನೀರು ನೆಲದೊಳಗಿನ ಕಾಲುವೆಯಲ್ಲಿ ಇಳಿದು, ಮಸೂತಿಯ ಕೆಳಗೆ ಹಾದು ದೋಣಿಗೆ ಬೀಳುತ್ತಿತ್ತು. ವಿಜಾಪುರದ ಬಾದಶಾಹಿ ಕಾಲದಲ್ಲಿ ಯಾರೋ ಸರದಾರ ಕಟ್ಟಿಸಿ, ಬಾವಿ ತೋಟ ಎರಡನ್ನೂ ವಕ್ಫ್ ಬಿಟ್ಟಿದ್ದನಂತೆ. ದೇವರ ಹೆಸರಿಗೆ ಬಿಟ್ಟದ್ದು. ಮಾರುವಂತಿಲ್ಲ, ಮನೆಯವರು ಹಂಚಿಕೊಳ್ಳುವಂತಿಲ್ಲ. ತೋಟ ಮಾಡುವವನು ಕಾಲುವೆ ಹಸನು ಮಾಡಬೇಕು, ನೀರು ನಿಲ್ಲಬಾರದು, ಅದೇ ಷರತ್ತು. ದೋಣಿಯ ಮೇಲಿನ ಫಾರಸಿ ಬರಹವನ್ನು ಹಾಜಿಸಾಬರು ಬೆರಳು ಆಡಿಸುತ್ತ ಓದಿ ಅರ್ಥ ಹೇಳಿದರು. ನೀರು ಮೊದಲು ದಾರಿಹೋಕರಿಗೆ ಮತ್ತು ದನಕರುಗಳಿಗೆ. ಉಳಿದದ್ದು ನಮಾಜಿಗೆ ಬರುವವರ ಕೈಕಾಲಿಗೆ.

"ಮಸೂತಿಗಿಂತ ಮದಲ ದಾರಿ ಮಂದಿಗೇನ್ರಿ?" ಎಂದೆ.

"ಬಿಟ್ಟಾವ ಹಂಗ ಬಿಟ್ಟಾನ. ಬದಲು ಮಾಡಾಕ ನಾ ಯಾರು?"

ಕಮಾನು ನೋಡಿದೆ. ನೆತ್ತಿಯ ಕಲ್ಲು ಬೆರಳಿನಷ್ಟು ಕೆಳಗೆ ಜಾರಿತ್ತು. ಅಲ್ಲಿಂದ ಎಡಗಂಬದ ಕಡೆಗೆ ಒಂದು ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಸಂದುಗಳಲ್ಲಿಯ ಹಳೇ ಸುಣ್ಣ ಕೈಯಲ್ಲಿ ಪುಡಿಪುಡಿಯಾಗುತ್ತಿತ್ತು. ಸುಣ್ಣ ಸತ್ತಿದೆ, ಅದಕ್ಕೇ ಕಲ್ಲು ಸಡಿಲಾಗಿದೆ ಎಂದು ತೀರ್ಮಾನಿಸಿದೆ. ಕೆಲಸ ಒಪ್ಪಿಕೊಂಡೆ.

ನಮ್ಮಲ್ಲಿ ಸುಣ್ಣದ ಉಸ್ತುವಾರಿ ನನ್ನ ಹೆಂಡತಿಯದು. ಹೊಲದಲ್ಲಿ ಸಿಗುವ ಸುಣ್ಣದ ಹರಳನ್ನು ಸುಟ್ಟು, ನೀರು ಹಾಕಿ ಅರಳಿಸಿ, ಇಟ್ಟಂಗಿ ಪುಡಿ ಕೂಡಿಸಿ, ಎತ್ತಿನ ಗಾಣದಲ್ಲಿ ಬೆಣ್ಣೆಯ ಹಾಗೆ ಅರೆಸಬೇಕು. ಬೆರಳಿನ ನಡುವೆ ತಿಕ್ಕಿ ನೋಡಿ ಅವಳು ಹೂಂ ಎಂದ ಮೇಲೆಯೇ ನಾನು ಕರಣಿಗೆ ಕೈ ಹಾಕುವುದು. ಬಿರುಕು ತೊಳೆದೆವು. ತೆಳ್ಳನೆಯ ಕಲ್ಲಿನ ಚಿಪ್ಪು ಬಡಿದು ತುಂಬಿದೆವು. ಬೆಣೆ ಹೊಡೆದು ನೆತ್ತಿಗಲ್ಲನ್ನು ಅದರ ಜಾಗಕ್ಕೆ ಎತ್ತಿ ಸಂದಿಗೆಲ್ಲ ಗಚ್ಚು ಉಣಿಸಿದೆವು. ಕೊನೆಗೆ ಬಿರುಕಿದ್ದ ಜಾಗದ ಮೇಲೆ ಅಲ್ಲಲ್ಲಿ ಕಂದೀಲ ಗಾಜಿನ ಚೂರು ಅಂಟಿಸಿದೆ. ಒಳಗೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆದು ಹೇಳುತ್ತದೆ.

ಹೋಳಿ ಹುಣ್ಣಿಮೆ ಬರುವುದರೊಳಗೆ ಎಲ್ಲ ಗಾಜೂ ಒಡೆದಿದ್ದವು.

ಹಾಜಿಸಾಬರು ಹೇಳಿ ಕಳಿಸಿದಾಗ ನಾನು ಜತ್ತದಲ್ಲಿ ಒಬ್ಬ ವ್ಯಾಪಾರಿಯ ಮನೆ ಕಟ್ಟುತ್ತಿದ್ದೆ. ಹೋಗಿ ನೋಡಿದರೆ ನನ್ನ ಹೊಸ ಗಚ್ಚು ಕಲ್ಲಾಗಿ ನಿಂತಿತ್ತು. ಅದರ ಪಕ್ಕದಲ್ಲೇ ಹಳೇ ಕಲ್ಲು ಸೀಳಿ ಹೊಸ ಬಿರುಕು ಬಿದ್ದಿತ್ತು. ನಾನು ಇನ್ನೂ ಏಣಿಯ ಮೇಲಿರುವಾಗಲೇ ಓವರಸಿಯರ್ ಸಾಹೇಬರು ಸೈಕಲ್ಲಿನಲ್ಲಿ ಬಂದಿಳಿದರು. ಮಿರಜದ ಕಡೆಯ ಮರಾಠಿಯವರು, ವಯಸ್ಸು ಚಿಕ್ಕದು, ಕನ್ನಡ ಕಲಿಯುವ ಹಂಬಲ ದೊಡ್ಡದು.

"ಗೌಂಡಿ, ನಿಮ್ಮ ಕೆಲಸ ಛಾನ್ ಆಹೆ... ಚಲೋ ಐತಿ. ಖರೇ ಕಂಬ ಕೆಳಗ ಹೋಗಾಕತ್ತೈತಿ."

ಓಳಂಬಿಯ ತೂಗುಗುಂಡು ಇಳಿಬಿಟ್ಟು ನೋಡಿದೆವು. ಅವರ ಮಾತು ನಿಜ. ಎಡಗಂಬ ದಾರಿಯ ಕಡೆಗೆ ವಾಲಿ ಕುಸಿಯುತ್ತಿತ್ತು. ರೋಗ ಕಾಲಿನಲ್ಲಿ, ಮದ್ದು ತಲೆಗೆ ಹಾಕಿದಂತಾಗಿತ್ತು ನನ್ನ ಕೆಲಸ. ಸಾಹೇಬರು ಜರಿಯಲಿಲ್ಲ. "ಪಾಯಾ ಅಗೆದು ನೋಡೋಣ" ಎಂದು ತಾವೇ ಕೋಟು ಬಿಚ್ಚಿಟ್ಟರು.

ಕಂಬದ ಬದಿಗೆ ಒಂದು ತಗ್ಗು ತೆಗೆದೆವು. ಆ ಬಿಸಿಲಿಗೆ ಸುತ್ತಲಿನ ಎರೆಹೊಲಗಳೆಲ್ಲ ಕೈ ಹೋಗುವಷ್ಟು ಬಿರಿದಿದ್ದವು. ತಗ್ಗಿನೊಳಗಿನ ಎರೆಮಣ್ಣು ಮಾತ್ರ ರಾಡಿಯಾಗಿತ್ತು. ಇನ್ನೂ ಕೆಳಗೆ ಹೋದಾಗ ಗಚ್ಚಿನಲ್ಲಿ ಹೂತ ಸುಟ್ಟಮಣ್ಣಿನ ಕೊಳವೆ ಸಿಕ್ಕಿತು. ದೋಣಿಗೆ ನೀರು ತರುವ ಕೊಳವೆ. ಪಕ್ಕದ ಬೇವಿನ ಮರದ ಬೇರು ಒಂದು ಸಂದಿನಲ್ಲಿ ಹೊಕ್ಕು ಅದನ್ನು ಒಡೆದಿತ್ತು. ಎಷ್ಟು ವರ್ಷದಿಂದಲೋ ಅಲ್ಲಿ ಸೋರಿದ ನೀರು ಪಾಯದ ಕಲ್ಲುಗಳ ನಡುವಿನ ಮಣ್ಣನ್ನು ತೊಳೆದುಕೊಂಡು ಹೋಗಿತ್ತು. ಕೈ ಹಾಕಿದೆ, ಮೊಳಕೈವರೆಗೆ ಪೊಳ್ಳು.

ಅಂದು ಕಟ್ಟೆಯ ಮೇಲೆ ಜಮಾತಿನ ಹಿರಿಯರೆಲ್ಲ ಸೇರಿದರು. ನನಗೆ ತೋಚಿದ್ದು ಸರಳವಾಗಿತ್ತು. ನೀರು ಬಂದ್ ಮಾಡಿರಿ, ಕಂಬ ಉಳಿಯುತ್ತದೆ ಎಂದೆ. ಹಿರಿಯರು ಹೌದೆಂದು ತಲೆಯಾಡಿಸಿದರು. ನೀರಿಲ್ಲದಿದ್ದರೂ ನಮಾಜಿಗೆ ಮಸೂತಿ ಬೇಕಲ್ಲ ಎಂದರು ಒಬ್ಬರು.

"ಬಂದ್ ಮಾಡೂದಿಲ್ಲ" ಎಂದರು ಹಾಜಿಸಾಬರು.

"ಹಾಜಿಸಾಬ್ರ, ಮಸೂತಿನ ಬಿದ್ರ ನೀರು ತೊಗೊಂಡ ಏನ ಮಾಡ್ತೀರಿ?"

"ನೀರು ನಿಂದ್ರಿಸಿ ಉಳಿಸಿದ ಮಸೂತಿ ತೊಗೊಂಡ ಏನ ಮಾಡ್ಲಿ? ಇದು ಬಿಟ್ಟದ್ದ ನೀರಿಗೆ. ಷರತ್ತು ಮುರದ್ರ ವಕ್ಫ್ ಎಲ್ಲಿ ಉಳೀತು?"

ನಮ್ಮಿಬ್ಬರ ದನಿಯೂ ಏರಿತು. ಸಾಹೇಬರು ನಡುವೆ ಬಂದರು. ಬರೇ ನೀರು ನಿಲ್ಲಿಸಿದರೂ ಉಪಯೋಗವಿಲ್ಲ, ಎರೆಮಣ್ಣು ಒಣಗಿದರೆ ಕುಗ್ಗುತ್ತದೆ, ಕಂಬ ಇನ್ನೂ ಇಳಿಯುತ್ತದೆ ಎಂದರು. ನನಗೆ ಅದು ಹೊಳೆದಿರಲಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ: ಮುಂದಿನ ಮಾರಿ ಕೆಡವುವುದು. ಅದು ಹೋದರೆ ಗುಮ್ಮಟ ನಿಲ್ಲದು, ಕಟ್ಟೆಯ ಜೊತೆಗೆ ದೋಣಿಯೂ ಹೋಗುತ್ತದೆ.

ಆಗ ಹಾಜಿಸಾಬರು ಒಂದು ಸಂಗತಿ ಹೇಳಿದರು. ಅವರ ಹಜ್ಜಿನ ಕತೆಗಳನ್ನು ಊರವರು ಕೇಳಿ ಕೇಳಿ ಬೇಸತ್ತಿದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲವಂತೆ.

"ತಿರುಗಿ ಬರುಮುಂದ ಜಿದ್ದಾದಾಗ ಹಡಗ ಸಿಗಲಿಲ್ಲ. ಭಾಳ ದಿನ ಕುಂತೆ. ದಿಕ್ಕಿಲ್ಲದ ಹಾಜಿಗೋಳಿಗೆ ಅಂತ ಯಾರೋ ಒಬ್ಬ ವ್ಯಾಪಾರಿ ಬಿಟ್ಟ ಮನಿ ಅದು. ಅವ ಯಾವಾಗ ಸತ್ತಾನೋ ಯಾರಿಗೂ ಗೊತ್ತಿಲ್ಲ. ಅವ ಬಿಟ್ಟ ಅಂಗಡಿಗೋಳ ಬಾಡಿಗಿ ಇನ್ನೂ ಬರತಿತ್ತು, ಅದರಾಗ ನಮಗ ರೊಟ್ಟಿ ನೀರು. ಬಾಜೂಕ ಒಂದು ಹಳೇ ಮಸೂತಿ. ಅದಕ್ಕೂ ಅಂಗಡಿ ಬಿಟ್ಟಿದ್ರು, ಅದರ ರೊಕ್ಕದಾಗ ರಿಪೇರಿ ನಡದಿತ್ತು. ಕೈ ಸುಮ್ನಿರಲಾರದ್ದಕ್ಕ ನಾನೂ ಹೋಗಿ ಬಡಿಗತನ ಮಾಡಿದೆ."

"ಅಲ್ಲಿ ಮಸೂತಿ ಎದರಾಗ ಕಟ್ತಾರ?" ಸಾಹೇಬರು ಕೇಳಿದರು.

"ಸಮುದ್ರದಾಗಿಂದ ತಗದ ಕಲ್ಲು. ಬೆಳ್ಳಗ, ತೂತು ತೂತು. ಉಪ್ಪುನೀರು ಬುಡ ತಿಂತೈತಿ. ಅದಕ್ಕ ಅವರು ಗ್ವಾಡಿ ಏರಿಸುಮುಂದ ನಡುನಡುವ ಅಡ್ಡ ತೊಲಿ ಹಾಸ್ತಾರ. ಬುಡದ ಕಲ್ಲು ಕೆಟ್ರ ಮ್ಯಾಲಿನ ಭಾರ ತೊಲಿ ಹೊತಗೊಂಡ ನಿಂದರತೈತಿ. ಕೆಳಗ ಸ್ವಲ್ಪ ಸ್ವಲ್ಪ ತಗದು ಹೊಸ ಕಲ್ಲು ಕೂಡಸ್ತಾರ. ಒಳಗ ನಮಾಜ್ ನಡದಿರತೈತಿ, ಹೊರಗ ಬುಡ ಬದಲಾಗತಿರತೈತಿ. ಆ ತೊಲಿ ತುದಿ ಈ ಕೈಯಾಗ ಹಿಡದೀನಿ ನಾ."

ನಾನು ಒಪ್ಪಲಿಲ್ಲ. ಅಲ್ಲಿಯದು ಹಗುರ ಕಲ್ಲು, ನಮ್ಮದು ಕರಿಕಲ್ಲು. ಅಲ್ಲಿ ಕಟ್ಟುವಾಗಲೇ ತೊಲೆ ಹಾಕಿದ್ದಾರೆ. ಇಲ್ಲಿ ವಾಲಿದ ಕಂಬಕ್ಕೆ ತೂತು ಕೊರೆದು ತೊಲೆ ತೂರಿಸಬೇಕು. ಕೊರೆಯುವಾಗಲೇ ಕಂಬ ಸಿಡಿದರೆ ಗುಮ್ಮಟ ಮೈಮೇಲೆ. ಇಷ್ಟು ಹೇಳಿ ಊಟಕ್ಕೂ ನಿಲ್ಲದೆ ಕಟ್ಟೆ ಇಳಿದುಬಂದೆ.

ಬಂದವನು ಊರಿಗೆ ಹೋಗಲಿಲ್ಲ. ದಾರಿಯ ಆಚೆ ಒಂದು ಗಿಡದ ನೆರಳಿಗೆ ಕುಳಿತೆ. ಎದುರಿಗೆ ದೋಣಿ. ದರಿಬಡಚಿಯ ಕುರುಬರ ಹಿಂಡು ಬಂತು. ಕುರಿಗಳು ಒಂದರ ಮೇಲೊಂದು ಬಿದ್ದು ನೀರು ಕುಡಿದವು. ಒಬ್ಬ ಗಾಡಿಯವನು ಎತ್ತು ಬಿಚ್ಚಿದ. ಒಂದು ಹೆಣ್ಣುಮಗಳು ಕಂಕುಳ ಕೂಸಿಗೆ ಬೊಗಸೆಯಲ್ಲಿ ಕುಡಿಸಿ ತಾನು ಕುಡಿದಳು. ಎಲ್ಲರೂ ಕಮಾನಿನ ಕಡೆ ಒಮ್ಮೆ ಕಣ್ಣೆತ್ತಿ, ಹೆದರಿ, ಬೇಗ ಬೇಗ ಕುಡಿದು ಸರಿಯುತ್ತಿದ್ದರು. ಹೆದರಿದರೂ ಬರದೆ ಇರುವಂತಿರಲಿಲ್ಲ. ಆ ಹಾದಿಯಲ್ಲಿ ಬೇರೆ ನೀರು ಎಲ್ಲಿತ್ತು?

ಕುಳಿತಲ್ಲೇ ತಲೆಯಲ್ಲಿ ಲೆಕ್ಕ ಬದಲಾಗತೊಡಗಿತು. ಭಾರವನ್ನೆಲ್ಲ ತೊಲೆಯೇ ಯಾಕೆ ಹೊರಬೇಕು? ಮೊದಲು ಮೂರೂ ಕಮಾನಿಗೆ ಕೆಳಗಿನಿಂದ ಮರದ ಆಸರೆ ಕೊಟ್ಟರೆ ಕಂಬದ ಮೇಲೆ ಉಳಿಯುವುದು ಅದರ ಸ್ವಂತ ಭಾರ, ಮೇಲೆ ಗುಮ್ಮಟದ ಒಂದು ಪಾಲು. ಆ ಪಾಲನ್ನು ಎರಡು ಒಳ್ಳೆಯ ತೊಲೆ ಹೊತ್ತಾವು. ತೂತನ್ನು ಸುತ್ತಿಗೆಯಿಂದ ಹೊಡೆಯದೆ, ಸಂದಿನ ಗಚ್ಚು ಕೆರೆದು ಒಂದೊಂದೇ ಕಲ್ಲು ಬಿಡಿಸಿದರೆ ಕಂಬ ನಡುಗದು. ಎದ್ದು ತಿರುಗಿ ಕಟ್ಟೆ ಹತ್ತಿದೆ. ಹಾಜಿಸಾಬರು ಒಬ್ಬರೇ ಕುಳಿತಿದ್ದರು.

"ತೊಲಿ ಹಾಕೂಣು. ನೀರೂ ನಿಂದ್ರಸೂದು ಬ್ಯಾಡ. ಕೆಲಸ ಮುಗಿಯೂತನಕ ಮ್ಯಾಲಿಂದ ಮ್ಯಾಲೆ ತಗಡಿನ ಕಾಲುವ್ಯಾಗ ದೋಣಿಗೆ ತಿರಿವಿ ಬಿಡೂಣು."

ಅವರು ನನ್ನ ಮುಖವನ್ನೇ ನೋಡಿದರು. "ಸಿಟ್ಟ ಇಳೀತೇನ?"

"ಇಳದಿಲ್ರಿ. ಕೆಲಸ ಸುರು ಮಾಡೂಣು."

ತೊಲೆ ಸಿಗುವುದೇ ಕಷ್ಟವಾಯಿತು. ಜಾಲಿ ಬೇವಿನ ಮರ ಬೇಕಾದಷ್ಟಿತ್ತು, ಆಸರೆಗೆ ಸಾಕು. ಕಂಬದಲ್ಲಿ ತೂರಿಸಲು ಗಂಟಿಲ್ಲದ ಉದ್ದನೆಯ ಸಾಗವಾನಿಯೇ ಬೇಕು. ಅಂಥವು ಇದ್ದದ್ದು ಒಂದೇ ಕಡೆ, ಗೌಡರ ವಾಡೆಯಲ್ಲಿ. ಹಿಂದಿನ ಪಡಸಾಲೆ ಬಿಚ್ಚಿ ತೊಲೆಗಳನ್ನು ಅಂಗಳದಲ್ಲಿ ಒಟ್ಟಿದ್ದರು. ಗೌಡರು ತೀರಿಕೊಂಡ ಮೇಲೆ ಆ ಮನೆಯ ಆಡಳಿತವೆಲ್ಲ ಗೌಡಶಾನಿಯದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಒಂದೂ ಹೆಚ್ಚಿನ ಮಾತಿಲ್ಲ. ನಾನೂ ಹಾಜಿಸಾಬರೂ ಕೂಡಿ ಹೋದೆವು.

"ಬರ್ರಿ, ಕುಂದ್ರಿ" ಎಂದರು. ಎಲ್ಲ ಕೇಳಿದರು. "ಹೊಸಾ ಪಡಸಾಲಿಗೆ ತಗದಿಟ್ಟ ತೊಲಿ ಅವು. ಮುರದ್ರ?"

"ಮುರದ್ರ ನಾನೂ ಅದರ ಕೆಳಗ ಇರ್ತೀನ್ರಿ ಅವ್ವಾರ" ಎಂದೆ.

"ನೀ ಇದ್ದು ನನಗ ತೊಲಿ ಬರತಾವೇನು?"

ಹಾಜಿಸಾಬರು ನಕ್ಕುಬಿಟ್ಟರು. ಗೌಡಶಾನಿ ನಗಲಿಲ್ಲ. ತೊಲೆಗಳ ಕಡೆ ಒಮ್ಮೆ ನೋಡಿದರು.

"ನಮ್ಮ ದನ ಇವತ್ತಿಗೂ ಅಲ್ಲೇ ನೀರು ಕುಡೀತಾವ. ಒಯ್ರಿ. ಒಂದ ಮಾತು. ಮಿರ್ಗದ ಮಳಿ ಸುರು ಆಗೂ ಮದಲ ನನ್ನ ತೊಲಿ ನನ್ನ ಅಂಗಳಕ್ಕ ಬರಬೇಕು. ಕಂಬದಾಗ ಬಿಟ್ಟೀವಿ ಅಂತ ಆಮ್ಯಾಲೆ ನೆವ ಹೇಳಬಾರದು."

"ಕೈಗಡ ತಂದದ್ದು ವಕ್ಫ್ ಆಗೂದಿಲ್ಲ ಅಕ್ಕಾರ. ಖಂಡಿತ ತಂದ ಕೊಡ್ತೀವಿ" ಎಂದರು ಹಾಜಿಸಾಬರು.

ಈ ಮಾತಿನಿಂದ ನನ್ನ ಕೆಲಸ ಇನ್ನೂ ಬಿಗಿಯಾಯಿತು. ತೊಲೆ ಒಳಗೇ ಬಿಟ್ಟು ಮುಚ್ಚುವುದು ಸುಲಭ. ತಿರುಗಿ ತೆಗೆಯಬೇಕೆಂದರೆ ಕಂಬ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಯುಗಾದಿ ಮುಗಿದೊಡನೆ ಶುರು ಮಾಡಿದೆವು. ಮೂರು ಕಮಾನಿನ ಹೊಟ್ಟೆಗೂ ಹಾಜಿಸಾಬರು ಮರದ ಚೌಕಟ್ಟು ಕೊಯ್ದು ಕೂಡಿಸಿದರು. ಅವರ ಕೈಚಳಕ ನೋಡುವಂತಿತ್ತು. ಕಮಾನಿನ ಬಾಗಿಗೂ ಮರಕ್ಕೂ ನಡುವೆ ಕಡ್ಡಿ ಹೋಗುತ್ತಿರಲಿಲ್ಲ. ಕೆಳಗಿನಿಂದ ಬೆಣೆ ಹೊಡೆದು ಬಿಗಿಮಾಡಿದೆವು. ಕಂಬದಲ್ಲಿ ಎದೆಯೆತ್ತರಕ್ಕೆ ಎರಡು ತೂತು, ಒಂದು ಮುಗಿದ ಮೇಲೆ ಇನ್ನೊಂದು. ಕಲ್ಲು ಬಿಡಿಸಿದ ಕೂಡಲೇ ತೊಲೆ ತೂರಿಸಿ, ಅದರ ಮೇಲಿನ ಸಂದಿಗೆ ಕಲ್ಲಿನ ಚಿಪ್ಪು ಗಚ್ಚು ಗಟ್ಟಿಸಿದೆ. ತೊಲೆಯ ಒಂದು ತುದಿ ಒಳಗಿನ ನೆಲದ ಮೇಲೆ, ಇನ್ನೊಂದು ಹೊರಗೆ ಕಟ್ಟೆಯ ಮೇಲೆ, ಅಡ್ಡಡ್ಡ ಪೇರಿಸಿದ ಮರದ ದಿಮ್ಮಿಗಳ ಮೇಲೆ ಕುಳಿತಿತು. ಓವರಸಿಯರ್ ಸಾಹೇಬರು ಸೇತುವೆ ಕೆಲಸದ ತಿರುಪಿನ ಜಾಕುಗಳನ್ನು ಗಾಡಿಯಲ್ಲಿ ಹಾಕಿಸಿ ತಂದರು. ಕೆಡವಬೇಕು ಎಂದವರೇ ಅವುಗಳನ್ನು ದಿಮ್ಮಿಗಳ ಮೇಲಿಟ್ಟು ಹೇಗೆ ತಿರುಗಿಸಬೇಕೆಂದು ತೋರಿಸಿಕೊಟ್ಟರು. ತಿರುಪು ಏರಿದಂತೆ ತೊಲೆ ಸಣ್ಣಗೆ ನರಳಿತು. ಭಾರ ಅದಕ್ಕೆ ಬಂತು ಎಂದು ನಮಗೆ ತಿಳಿಯಿತು.

ಆಮೇಲೆ ಪಾಯ. ಇಡೀ ಬುಡವನ್ನು ಒಮ್ಮೆಗೇ ತೆರೆಯುವಂತಿಲ್ಲ. ಒಂದು ಮೂಲೆ ತೆರೆದು, ಕೊಳೆತ ಎರೆಮಣ್ಣು ತೆಗೆದು, ಗಟ್ಟಿ ಗರಸು ಸಿಗುವವರೆಗೆ ಇಳಿದು, ದೊಡ್ಡ ಕಲ್ಲು ಕೂಡಿಸಿ ಗಚ್ಚು ತುಂಬಬೇಕು. ಅದು ಗಟ್ಟಿಯಾಗುವವರೆಗೆ ಕಾದು ಎದುರಿನ ಮೂಲೆಗೆ ಹೋಗಬೇಕು. ಕಾಯುವುದೇ ಕೆಲಸದಲ್ಲಿ ಕಷ್ಟದ ಭಾಗ. ಹಿರಿಯರು ಬಂದು ಲಗೂನ ಮಾಡು ಎನ್ನುವರು. ನನ್ನ ಹೆಂಡತಿ ಉಗುರಿನಿಂದ ಗಚ್ಚು ಗೀರಿ ನೋಡಿ, "ಇನ್ನಾ ಆಗಿಲ್ರಿ, ನಾಳಿ ನೋಡೂಣು" ಎನ್ನುವಳು. ಅವಳ ಮಾತೇ ಕೊನೆಯ ಮಾತು.

ಎರಡು ಮೂಲೆ ಮುಗಿದು ಮೂರನೆಯದನ್ನು ತೆರೆದಿದ್ದೆವು. ಒಂದು ಮಧ್ಯಾಹ್ನ ಪಡುವಣ ಕಡೆ ಕಪ್ಪಾಗಿ, ಧೂಳೆದ್ದು, ಅಕಾಲದ ಅಡಮಳೆ ಸುರಿಯಿತು. ನಾವು ತಗ್ಗಿನ ಸುತ್ತ ಮಣ್ಣಿನ ಒಡ್ಡು ಹಾಕುವುದರೊಳಗೆ ದಿಬ್ಬದ ನೀರು ಹರಿದು ಬಂದು ತಗ್ಗು ತುಂಬಿತು. ಒಂದು ಬದಿಯ ಮಣ್ಣು ಜರಿಯಿತು. ಕಟ್ಟೆಯ ಮೇಲಿನ ದಿಮ್ಮಿಗಳ ಅಡಿಯಲ್ಲಿ ಚಪ್ಪಡಿಯೊಂದು ಕುಸಿದು, ತೊಲೆಯ ಹೊರಗಿನ ತುದಿ ಇಳಿಯಿತು. ಕಮಾನಿನ ನೆತ್ತಿಯಿಂದ ಗಚ್ಚಿನ ಪುಡಿ ಉದುರಿತು. ಕೆಲಸದವರೆಲ್ಲ ದಾರಿಗೆ ಜಿಗಿದರು.

ನಾನು ತಗ್ಗಿನಲ್ಲೇ ಇದ್ದೆ. ಹೊರಗೆ ಬರಬೇಕೆಂಬ ಆಸೆ ಬಹಳವಾಗಿತ್ತು, ಆದರೂ ಕಂಬದ ಬುಡಕ್ಕೆ ಕೈ ಹಚ್ಚಿದೆ. ತಲೆಯ ಮೇಲೆ ಹಾಜಿಸಾಬರ ದನಿ ಕೇಳಿಸಿತು.

"ಗೌಂಡಿ, ಯಾವ ಕಡಿ ಇಳದೈತಿ ಹೇಳು."

"ಹೊರಗಿಂದು ಇಳದೈತ್ರಿ. ಒಳಗಿಂದಕ್ಕ ಕೈ ಹಚ್ಚಬ್ಯಾಡ್ರಿ. ಹೊರಗಿನ ಜಾಕು ತಿರುವ್ರಿ, ಸಾವಕಾಶ."

ಅವರು ಮಳೆಯಲ್ಲಿ ಮಂಡಿಯೂರಿ ಜಾಕಿನ ಸರಳಿಗೆ ಮೈಭಾರ ಹಾಕಿದರು. ಅದು ಅಲುಗಲಿಲ್ಲ. ನನ್ನ ಹೆಂಡತಿ ಸುಣ್ಣದ ಬುಟ್ಟಿ ಒಗೆದು ಓಡಿಬಂದು ಸರಳಿನ ಇನ್ನೊಂದು ಬದಿ ಹಿಡಿದಳು. ಅದನ್ನು ನೋಡಿ ದಾರಿಯಲ್ಲಿ ನಿಂತಿದ್ದ ಕೆಲಸದವರು ಒಬ್ಬೊಬ್ಬರಾಗಿ ತಿರುಗಿ ಕಟ್ಟೆ ಹತ್ತಿದರು. ತಿರುಪು ತಿರುಗಿತು, ಮತ್ತೆ ತಿರುಗಿತು. ನಾನು ಕೆಳಗಿನಿಂದ ಕಂಬದ ಬುಡಕ್ಕೆ ಕೈ ಹಚ್ಚಿಕೊಂಡೇ ಇದ್ದೆ. ತೊಲೆ ಮತ್ತೆ ನರಳಿತು. ಪುಡಿ ಉದುರುವುದು ನಿಂತಿತು.

"ಹಿಡೀತ್ರಿ. ಸಾಕು" ಎಂದು ಕೂಗಿದೆ.

ಮಳೆ ನಿಂತ ಮೇಲೆ ಎಲ್ಲರೂ ಕೂಡಿ ತಗ್ಗಿನ ನೀರನ್ನು ಬುಟ್ಟಿ ಕೊಡಗಳಿಂದ ಎತ್ತಿ ಹಾಕಿದೆವು. ಜರಿದ ಬದಿಗೆ ಹಲಗೆ ಕೊಟ್ಟೆವು. ದಿಮ್ಮಿಗಳ ಕೆಳಗೆ ಅಗಲವಾದ ಹೊಸ ಚಪ್ಪಡಿ ಹಾಸಿದೆವು. ಮಳೆಯಿಂದ ಒಂದು ಲಾಭವೂ ಆಯಿತು. ಜರಿದ ಮಣ್ಣಿನ ಹಿಂದೆ ಗಟ್ಟಿ ಗರಸಿನ ಪದರು ನಾನು ಎಣಿಸಿದ್ದಕ್ಕಿಂತ ಮೇಲೇ ಇರುವುದು ಕಂಡಿತು. ಕೊನೆಯ ಮೂಲೆಗೆ ಅಷ್ಟು ಆಳ ಇಳಿಯಬೇಕಾಗಲಿಲ್ಲ. ಅಡಮಳೆ ತಿಂದ ದಿನಗಳು ತಿರುಗಿ ಸಿಕ್ಕವು.

ಕಂಬದ ಬುಡದಲ್ಲಿ ಗಚ್ಚು ಗಟ್ಟಿಯಾಗುತ್ತಿರುವಾಗ ನಾವು ನೀರಿನ ಕಡೆ ತಿರುಗಿದೆವು. ಕುಂಬಾರರು ಹೊಸ ಕೊಳವೆ ಮಾಡಿಕೊಟ್ಟರು, ಒಂದರ ಬಾಯಿ ಇನ್ನೊಂದರಲ್ಲಿ ಕೂಡುವ ಹಾಗೆ. ಹಳೇ ದಾರಿ ಬಿಟ್ಟು, ಕಟ್ಟಡಕ್ಕೆ ಸುತ್ತು ಹಾಕಿ, ಬೇರು ಮುಟ್ಟದ ಜಾಗದಲ್ಲಿ ಅಗೆದು, ಅಡಿಗೂ ಮೇಲಕ್ಕೂ ಗಚ್ಚು ಕೊಟ್ಟು ಹೂತೆವು. ಇಳಿಜಾರು ಹಿಡಿಯಲು ಸಾಹೇಬರು ತಮ್ಮ ಲೆವೆಲ್ ಯಂತ್ರ ತಂದರು. ಹೊಸ ಕೊಳವೆಗೆ ನೀರು ಬಿಟ್ಟ ದಿನ ಊರೇ ದೋಣಿಯ ಸುತ್ತ ನಿಂತಿತ್ತು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ರಾಡಿ, ಆಮೇಲೆ ತಿಳಿ. ಹಿಂದಿಗಿಂತ ದಪ್ಪ ಧಾರೆ! ಸೋರಿಹೋಗುತ್ತಿದ್ದ ನೀರೂ ಈಗ ದೋಣಿಗೇ ಬೀಳುತ್ತಿತ್ತು. ಹಾಜಿಸಾಬರು ತಾವು ಮುಟ್ಟಲಿಲ್ಲ. ದಾರಿಯಲ್ಲಿ ಬರುತ್ತಿದ್ದ ಒಬ್ಬ ಅಪರಿಚಿತ ಗಾಡಿಯವನನ್ನು ಕೂಗಿ ಕರೆದು, "ಮದಲ ನೀ ಕುಡಿಯಪಾ" ಎಂದರು. ಅವನು ಏನೂ ತಿಳಿಯದೆ ಕುಡಿದು, ಎತ್ತಿಗೂ ಕುಡಿಸಿ ಹೋದ.

ಇನ್ನು ತೊಲೆ. ನನ್ನ ಹೆಂಡತಿ ಬುಡದ ಗಚ್ಚಿಗೆ ಉಳಿಯಿಟ್ಟು ಬಡಿದಳು. ಕಲ್ಲಿನ ಸಪ್ಪಳ ಬಂತು. "ತಗೀರಿ" ಎಂದಳು.

ಜಾಕುಗಳನ್ನು ಇಷ್ಟಿಷ್ಟೇ ಇಳಿಸಿದೆವು. ಭಾರ ತೊಲೆಯಿಂದ ಕಂಬಕ್ಕೆ, ಕಂಬದಿಂದ ಹೊಸ ಬುಡಕ್ಕೆ ಇಳಿಯುತ್ತಿತ್ತು. ಕಣ್ಣಿಗೆ ಕಾಣದಿದ್ದರೂ ನಮ್ಮೆಲ್ಲರ ಕಿವಿ ಅದರ ಮೇಲಿತ್ತು. ಮೊದಲ ತೊಲೆ ಕೈಯಿಂದಲೇ ಹೊರಗೆ ಬಂತು. ಆ ತೂತಿಗೆ ಕಲ್ಲು ತುಂಬಿ, ಅದು ಹಿಡಿಯುವವರೆಗೆ ಕಾದು ಎರಡನೆಯದಕ್ಕೆ ಹೋದೆವು. ಅದು ಕಚ್ಚಿಕೊಂಡಿತ್ತು. ಗೌಡಶಾನಿ ತಮ್ಮದೇ ಜೋಡೆತ್ತು ಕಳಿಸಿದರು, ತಾವೂ ಬಂದು ದಾರಿಯ ಬದಿಗೆ ನಿಂತರು. ಹಗ್ಗ ಬಿಗಿದು ಎತ್ತು ಎಳೆದವು. ತೊಲೆ ಕಿರುಗುಟ್ಟುತ್ತ ಕಂಬದೊಳಗಿಂದ ಜಾರಿ ದಾರಿಯ ಧೂಳಿಗೆ ಬಿತ್ತು. ನಾನು ಕಮಾನಿನ ನೆತ್ತಿ ನೋಡಿದೆ. ಒಂದು ಚಿಟಿಕೆ ಪುಡಿಯೂ ಉದುರಲಿಲ್ಲ.

ಗೌಡಶಾನಿ ತೊಲೆಯ ಹತ್ತಿರ ಹೋಗಿ, ಬಗ್ಗಿ, ತುದಿಯಿಂದ ತುದಿಗೆ ಕೈಯಾಡಿಸಿ ನೋಡಿದರು.

"ಚಲೋ ಅದಾವ" ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಬಹಳ.

ಕಮಾನಿನ ಹೊಟ್ಟೆಯ ಆಸರೆಯನ್ನೂ ಬಿಚ್ಚಿದೆವು. ಅದಾದ ಕೆಲವೇ ದಿನಕ್ಕೆ ರಮಜಾನ್ ಶುರುವಾಯಿತು, ಅದರ ಬೆನ್ನಿಗೇ ಮಿರ್ಗದ ಮಳೆಯೂ ಹಿಡಿಯಿತು. ಆ ಸಲ ಮಳೆ ಕೈ ಬಿಚ್ಚಿ ಸುರಿಯಿತು. ನಾನು ಬಿಳೂರಿನಲ್ಲಿದ್ದೆ. ಗುಡುಗಿದಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದೆ. "ಇಲ್ಲಿಂದ ನೋಡಿದ್ರ ಕಾಣ್ತೈತೇನ್ರಿ?" ಎಂದು ಹೆಂಡತಿ ನಗುತ್ತಿದ್ದಳು. ಹೊಲದ ಮಣ್ಣು ನೀರುಂಡು ಉಬ್ಬಿತು, ಹಳ್ಳ ಬಂದುಹೋಯಿತು. ಮಸೂತಿಯಿಂದ ಯಾವ ಸುದ್ದಿಯೂ ಬರಲಿಲ್ಲ. ಸುದ್ದಿ ಬರದೆ ಇರುವುದೇ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡೆ.

ಈದ್ ಹಬ್ಬದ ದಿನ ನಮ್ಮಿಬ್ಬರನ್ನೂ ಕರೆದಿದ್ದರು. ಹೋಗುವಷ್ಟರಲ್ಲಿ ನಮಾಜು ಶುರುವಾಗಿತ್ತು. ಒಳಗೆ ಜಾಗ ಸಾಲದೆ ಜನ ಕಟ್ಟೆಯ ಮೇಲೂ ಸಾಲು ಹಿಡಿದಿದ್ದರು. ಸುತ್ತಲಿನ ಊರುಗಳಿಂದಲೂ ಬಂದಿದ್ದರು. ಎಲ್ಲರೂ ಒಮ್ಮೆಗೇ ಬಾಗಿ ಒಮ್ಮೆಗೇ ಎದ್ದಾಗ ಆ ಮೂರು ಕಮಾನು ಅವರ ಮೇಲೆ ನೆಟ್ಟಗೆ ನಿಂತಿದ್ದವು. ನಾನು ಎಷ್ಟೋ ಗೋಡೆ ಕಟ್ಟಿದ್ದೇನೆ. ಕಟ್ಟಿದ್ದರ ಕೆಳಗೆ ಅಷ್ಟು ಜನ ತಲೆಯಿಟ್ಟದ್ದನ್ನು ಅದೇ ಮೊದಲು ಕಂಡೆ.

ನಮಾಜು ಮುಗಿದ ಮೇಲೆ ಹಾಜಿಸಾಬರು ಹೊಸ ಅಂಗಿಯಲ್ಲಿ ಬಂದು ನನ್ನನ್ನು ಎದೆಗೆ ಅಪ್ಪಿಕೊಂಡರು. "ಜಿದ್ದಾದಾಗ ಅವರು ನನಗ ಹಿಂಗ ಅಪ್ಪಿಕೊಂಡಿದ್ರು ಗೌಂಡಿ" ಎಂದರು. ಬೇಸಿಗೆಯೆಲ್ಲ ಜಗಳಾಡಿದ ಮನುಷ್ಯ. ಅಷ್ಟೇ ಹೇಳಿ ತಿರುಗಿ ಬೇರೆಯವರ ಕಡೆ ಹೋಗಿಬಿಟ್ಟರು.

ಓವರಸಿಯರ್ ಸಾಹೇಬರೂ ಬಂದಿದ್ದರು. ಮದುವೆಗೆ ಹೋಗುವವರ ಹಾಗೆ ಇಸ್ತ್ರಿ ಕೋಟು. ಯಾರೋ ಅವರ ಕೈಗೆ ಶೀರ ಖುರ್ಮಾ ಪಾಯಸದ ಬಟ್ಟಲು ಕೊಟ್ಟರು. ಹರಟೆಯ ಭರದಲ್ಲಿ ಅವರು ಸರಿಯುತ್ತ ಸರಿಯುತ್ತ ಹೋಗಿ ಎಡಗಂಬಕ್ಕೆ ಬೆನ್ನು ಕೊಟ್ಟು, ಒಂದು ಕಾಲನ್ನು ಅದರ ಬುಡಕ್ಕೆ ಒತ್ತಿ, ನಿಶ್ಚಿಂತೆಯಿಂದ ಬಟ್ಟಲು ಬಳಿಯತೊಡಗಿದರು. ನಾನು ಹೆಂಡತಿಗೆ ಮೆಲ್ಲಗೆ ಕಣ್ಣು ತೋರಿಸಿದೆ.

ಅವಳು ನೋಡಿದಳು. "ಅಯ್ಯ, ಸಾಹೇಬ್ರ ಕೋಟಿಗೆ ಸುಣ್ಣ ಹತ್ತೈತ್ರಿ."

"ಹತ್ತಲಿ ಬಿಡು" ಎಂದೆ.